ಹನ್ನೆರಡು ತಿಂಗಳ ನೌಕರಿ

"ಕಾಂಟ್ರ್ಯಾಕ್ಟ್ ನೌಕರಿ ಹಿಡದ್ರ ಎಕ್ಸ್‌ಸರ್ವಿಸ್‌ಮನ್ ಕೋಟಾ ಹೋಗಿಬಿಡತೈತಿ" ಅನ್ನುವ ಮಾತು ನಮ್ಮ ಬೈಲಹೊಂಗಲ ಕಡೆ ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆ ಅಂದರೆ, ಸೈನ್ಯದಿಂದ ಪೆನ್ಶನ್ ಮೇಲೆ ಬಂದ ಹುಡುಗರು ಎರಡು ಮೂರು ವರ್ಷ ಮನೆಯಲ್ಲೇ ಕೂತು ಖಾಯಂ ನೌಕರಿಯ ದಾರಿ ಕಾಯುತ್ತಾರೆ. ಚಹಾದಂಗಡಿಯಲ್ಲಿ ಹುಟ್ಟಿದ ಕಾನೂನು ಇದು. ನನ್ನ ತಂಗಿಯ ಮಗನೂ ಇದನ್ನೇ ನಂಬಿಕೊಂಡು ಊರಿಗೆ ಬಂದಿದ್ದ. ಅವನಿಗೊಂದು ತಾತ್ಕಾಲಿಕ ಸರ್ಕಾರಿ ಕೆಲಸ ಸಿಗುವಂತೆ ಓಡಾಡಿದ ಕಥೆ ಬರೆಯುತ್ತಿದ್ದೇನೆ. ಇದರಲ್ಲಿ ವಶೀಲಿಬಾಜಿ ಏನೂ ಇಲ್ಲ. ನಾನು ಮಾಡಿದ್ದು ಕಾಗದಪತ್ರ ಜೋಡಿಸಿಕೊಟ್ಟದ್ದು, ಆಗಾಗ ಬೈದದ್ದು, ಅಷ್ಟೇ.

ನಾನೂ ಮಾಜಿ ಹವಾಲ್ದಾರ, ಕ್ಲರ್ಕ್ ಟ್ರೇಡು. ಸೇವೆಯೆಲ್ಲ ಪಾರ್ಟ್-ಟೂ ಆರ್ಡರ್, ರಜೆ ಸರ್ಟಿಫಿಕೇಟು, ಮೂವ್‌ಮೆಂಟ್ ಆರ್ಡರ್‌ಗಳ ನಡುವೆ ಕಳೆದವನು. ಊರಿಗೆ ಬಂದ ಮೇಲೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಔಷಧೋಪಚಾರ ಯೋಜನೆಯ, ಪಾಲಿಕ್ಲಿನಿಕ್ಕೊಂದರಲ್ಲಿ ಕಾಂಟ್ರ್ಯಾಕ್ಟ್ ಕ್ಲರ್ಕ್ ಆಗಿದ್ದೆ. ಆಗ ಆ ಹುದ್ದೆಗೆ ತಿಂಗಳಿಗೆ 16,800 ರೂಪಾಯಿ. ಅಲ್ಲಿ ಕೂತಿರುವಾಗಲೇ ಮಾಜಿ ಸೈನಿಕರ ಮೀಸಲಾತಿಯಲ್ಲಿ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಖಾಯಂ ಗುಮಾಸ್ತನಾದೆ. ನಾನು ಓದಿದ್ದು ಬರೀ ಎಸ್‌ಎಸ್‌ಎಲ್‌ಸಿ. ಆದರೆ ಮೆಟ್ರಿಕ್ ಪಾಸಾಗಿ ಸೈನ್ಯದಲ್ಲಿ 15 ವರ್ಷ ಸೇವೆ ಮಾಡಿದವನನ್ನು, ಪದವಿ ಕೇಳುವ ಗ್ರೂಪ್ ‘ಸಿ’ಯ ಮೀಸಲು ಹುದ್ದೆಗಳಿಗೆ ಅರ್ಹ ಅಂತ ಕೇಂದ್ರ ಒಪ್ಪುತ್ತದೆ, ತಾಂತ್ರಿಕ ಅನುಭವ ಬೇಡುವ ಹುದ್ದೆಗಳನ್ನು ಬಿಟ್ಟು. ಇದನ್ನೂ ನಮ್ಮ ಹುಡುಗರಲ್ಲಿ ಅರ್ಧ ಜನಕ್ಕೆ ಯಾರೂ ಹೇಳಿರುವುದಿಲ್ಲ.

ಕೋಟಾದ ವಿಷಯಕ್ಕೆ ಬರುತ್ತೇನೆ. ಕೇಂದ್ರದ ನಿಯಮ ಹೇಳುವುದು ಇಷ್ಟು: ಮಾಜಿ ಸೈನಿಕ ಮೀಸಲಾತಿಯ ಲಾಭ ಪಡೆದು ಸಿವಿಲ್ ಸರ್ಕಾರಿ ಹುದ್ದೆಗೆ *ಖಾಯಂ ಆಗಿ* ಸೇರಿದವನು ಮತ್ತೊಮ್ಮೆ ಅದೇ ಮೀಸಲಾತಿ ಕೇಳುವಂತಿಲ್ಲ. ದಿನಗೂಲಿ, ಕಾಂಟ್ರ್ಯಾಕ್ಟ್, ಯಾವಾಗ ಬೇಕಾದರೂ ತೆಗೆದುಹಾಕಬಹುದಾದ ಅಡ್‌ಹಾಕ್ ಕೆಲಸಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಇನ್ನೊಂದು ಸಂಗತಿ ಇದೆ, ಅದು 2014ರ ಆಗಸ್ಟ್‌ನ ಆದೇಶ: ಖಾಯಂ ಕೆಲಸಕ್ಕೆ ಸೇರುವ ಮೊದಲೇ ಬೇರೆ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಸೇರಿದ ಕೂಡಲೇ ಆ ಅರ್ಜಿಗಳ ಪಟ್ಟಿಯನ್ನು ತಾರೀಖಿನ ಸಮೇತ ಬರೆದು ಇಲಾಖೆಗೆ ಕೊಟ್ಟರೆ, ಆ ಅರ್ಜಿಗಳ ಮಟ್ಟಿಗೆ ಮೀಸಲಾತಿ ಉಳಿಯುತ್ತದೆ. ಸಣ್ಣ ನೌಕರಿಗೆ ಸೇರಿಕೊಂಡು ದೊಡ್ಡದರ ರಿಸಲ್ಟ್ ಕಾಯಬಹುದು. ಈ ಒಂದು ಆದೇಶದ ಝೆರಾಕ್ಸ್ ಪ್ರತಿ ನನ್ನ ಬ್ಯಾಗಿನಲ್ಲಿ ಸದಾ ಇರುತ್ತದೆ.

ಅಳಿಯ ಬಂದದ್ದು ನಾಯಕ್ ರ್‍ಯಾಂಕಿನಲ್ಲಿ, ಎಎಸ್‌ಸಿಯಿಂದ, ಅಂದರೆ ಸೈನ್ಯಕ್ಕೆ ಸಾಮಾನು ಸಾಗಿಸುವ ದಳದಿಂದ, ಎಂಟಿ (ಮೋಟಾರು ಗಾಡಿ) ಡ್ರೈವರ್. ಬೆಂಗಳೂರಿನಲ್ಲಿ ಟ್ರೇನಿಂಗು, ಆಮೇಲೆ ಹೆಚ್ಚೂಕಡಿಮೆ ಪೂರಾ ನೌಕರಿ ಉತ್ತರದಲ್ಲಿ. ಜೋಜಿಲಾ ದಾಟಿ ಕಾರ್ಗಿಲ್, ಲೇಹ್‌ಗೆ ಕಾನ್ವಾಯಿ ಒಯ್ದವನು. ಸ್ಟಾಲಿಯನ್ ಗಾಡಿಯನ್ನು ಹಿಮದಲ್ಲಿ ಚೈನು ಕಟ್ಟಿ ಏರಿಸಿದ ಕೈ. ಊರಿಗೆ ಬಂದಾಗ ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ. ಪ್ರತಿ ವರ್ಷ ಮೂರೂ ಪಡೆಗಳಿಂದ ಸುಮಾರು 60,000 ಮಂದಿ ಹೀಗೆ ಹೊರಬರುತ್ತಾರೆ, ಬಹುತೇಕರು 35ರಿಂದ 45ರೊಳಗಿನವರು. ಊರಿನವರ ಕಣ್ಣಿಗೆ ಇವರು ರಿಟೈರ್ ಆದವರು, ಮನೆಯ ಲೆಕ್ಕದಲ್ಲಿ ಮಕ್ಕಳು ಇನ್ನೂ ಐದನೇ ಕ್ಲಾಸು.

ಬಂದ ಹೊಸದರಲ್ಲಿ ಕೈಯಲ್ಲಿ ದುಡ್ಡಿರುತ್ತದೆ. ಗ್ರ್ಯಾಚುಟಿ, ಕಮ್ಯುಟೇಶನ್ (ಪೆನ್ಶನ್ನಿನ ಒಂದು ಭಾಗ ಮುಂಗಡವಾಗಿ ಒಟ್ಟಿಗೆ), ಎಎಫ್‌ಪಿಪಿ ಅನ್ನುವ ಸೈನಿಕರ ಭವಿಷ್ಯ ನಿಧಿ, ಗ್ರೂಪ್ ಇನ್ಶೂರೆನ್ಸು, ಎಲ್ಲ ಒಂದರ ಹಿಂದೊಂದು ಜಮಾ ಆಗುತ್ತವೆ. ಬ್ಯಾಂಕಿನ ಮೆಸೇಜು ಅವನಿಗೆ ಮುಟ್ಟುವ ಮೊದಲೇ ಬೀಗರಿಗೆ ಸುದ್ದಿ ಮುಟ್ಟಿತ್ತು ಅಂತ ನನ್ನ ತಂಗಿ ಈಗಲೂ ಹೇಳುತ್ತಾಳೆ. ದೊಡ್ಡಪ್ಪನ ಮಗ ಟ್ರ್ಯಾಕ್ಟರ್ ಪಾಲುದಾರಿಕೆಗೆ ಕರೆದ. ಇನ್ನೊಬ್ಬ ಪ್ಲಾಟು ತೋರಿಸಿದ. ಹುಡುಗ ಅರ್ಧ ದುಡ್ಡನ್ನು ಮನೆಗೆ ಹಾಕಿ, ಉಳಿದದ್ದರಲ್ಲಿ ಸ್ವಲ್ಪ ಸಾಲ ಕೊಟ್ಟು, ಸುಮ್ಮನೆ ಕೂತ. ಯಾರಾದರೂ ಕೇಳಿದರೆ, "ಪೆನ್ಶನ್ ಬರ್ತೈತಲ್ಲ" ಅಂತಿದ್ದ. ಪೆನ್ಶನ್ ಬರುತ್ತಿತ್ತು ನಿಜ. ಅದರಲ್ಲಿ ಬೆಳಗಾವಿಯಲ್ಲಿ ಮನೆ ಬಾಡಿಗೆ ಕೊಟ್ಟು ಇಬ್ಬರು ಮಕ್ಕಳ ಸಾಲಿ ಫೀ ಕಟ್ಟಿದರೆ ತಿಂಗಳ ಇಪ್ಪತ್ತನೇ ತಾರೀಖಿಗೆ ಪೆನ್ಶನ್ನಿನ ಸ್ಪರ್ಶ್ ಪೋರ್ಟಲ್ಲನ್ನು ಸುಮ್ಮಸುಮ್ಮನೆ ತೆರೆದು ನೋಡುವಂತಾಗುತ್ತಿತ್ತು.

ನಡುವೆ ಒಂದು ಸೆಕ್ಯುರಿಟಿ ಏಜೆನ್ಸಿಯವರು ಅವನನ್ನು ಕಾರ್ಖಾನೆಯೊಂದರ ಗೇಟಿಗೆ ಹಾಕಿದರು. ಹನ್ನೆರಡು ತಾಸಿನ ಡ್ಯೂಟಿ. ಬಾಯಲ್ಲಿ ಹೇಳಿದ ಪಗಾರ ಬೇರೆ, ಕೈಗೆ ಬಂದದ್ದು ಬೇರೆ, ಪಿಎಫ್ ಕಟ್ಟಿದ್ದಕ್ಕೆ ಕಾಗದವಿಲ್ಲ. ಯೂನಿಫಾರ್ಮಿನ ದುಡ್ಡನ್ನೂ ಅವನ ಪಗಾರದಲ್ಲೇ ಮುರಿದುಕೊಂಡಿದ್ದರು. ಬಿಟ್ಟು ಬಂದ. ಸೆಕ್ಯುರಿಟಿ ಕೆಲಸವೆಲ್ಲ ಹೀಗೇ ಅಂತ ನಾನು ಹೇಳುವುದಿಲ್ಲ. ಡಿಜಿಆರ್, ಅಂದರೆ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಪಟ್ಟಿ ಮಾಡಿದ ಏಜೆನ್ಸಿಗಳ ಮೂಲಕ ಸಾರ್ವಜನಿಕ ಉದ್ದಿಮೆಗಳಿಗೆ ಹೋದವರ ಪಗಾರಕ್ಕೆ ಒಂದು ಲೆಕ್ಕ ಇರುತ್ತದೆ. ಆದರೆ ಊರ ಹುಡುಗ ಸೇರುವಾಗ ಆ ವ್ಯತ್ಯಾಸ ಯಾರು ಕೇಳುತ್ತಾರೆ?

ಆಗ ಒಂದು ರವಿವಾರ ಮನೆಗೆ ಬಂದ. "ಮಾಮಾ, ಏನರ ಮಾಡ್ರಿ. ಆದ್ರ ಕಾಂಟ್ರ್ಯಾಕ್ಟ್ ಬ್ಯಾಡ್ರಿ, ಕೋಟಾ ಹೋಗತೈತಿ."

ನಾನು ಬ್ಯಾಗಿನಿಂದ ಆ ಝೆರಾಕ್ಸ್ ತೆಗೆದು ಮುಂದೆ ಇಟ್ಟೆ. ಓದಿದ. ಇಂಗ್ಲಿಷಿನಲ್ಲಿದ್ದುದರಿಂದ ಎರಡನೇ ಸಲ ಓದಿದ. ಆಮೇಲೆ ಕೇಳಿದ್ದು, "ಇದು ಖರೇ ಐತೇನ್ರಿ?"

"ನಾ ಖರೇ ಅದೀನೋ ಇಲ್ಲೋ? ನನ್ನ ನೋಡಿ ಹೇಳು" ಅಂದೆ.

ಆ ದಿನವೇ ಅವನ ಟ್ರಂಕು ತೆರೆಸಿದೆ. ಕಪ್ಪು ಬಣ್ಣದ ಟಿನ್ ಟ್ರಂಕು, ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ್‍ಯಾಂಕು, ಹೆಸರು. ಒಳಗೆ ಒಂದು ಪಾಲಿಥಿನ್ ಚೀಲದಲ್ಲಿ ಡಿಸ್ಚಾರ್ಜ್ ಬುಕ್ಕು. ಜವಾನನ ಇಡೀ ನೌಕರಿ ಈ ಸಣ್ಣ ಪುಸ್ತಕದಲ್ಲಿ ಅಡಕವಾಗಿರುತ್ತದೆ: ಸೇರಿದ ತಾರೀಖು, ಬಿಟ್ಟ ತಾರೀಖು, ಟ್ರೇಡು, ಕ್ಲಾಸು, ಪದಕಗಳು, ಮೆಡಿಕಲ್ ಕೆಟಗರಿ, ನಡತೆ. ಅವನ ನಡತೆಯ ಮುಂದೆ ‘ಎಕ್ಸೆಂಪ್ಲರಿ’ ಅಂತ ಬರೆದಿತ್ತು. ಸೈನ್ಯದ ಟ್ರೇಡಿಗೆ ಸಮನಾದ ಸಿವಿಲ್ ಕಸುಬು ಯಾವುದು ಅನ್ನುವುದಕ್ಕೂ ಒಂದು ಸಾಲು ಇರುತ್ತದೆ. ಆ ಸಾಲನ್ನು ಅವನು ಅಲ್ಲಿಯವರೆಗೆ ಓದಿರಲೇ ಇಲ್ಲ. ನಾನು ಹುಡುಗರಿಗೆಲ್ಲ ಹೇಳುವುದು ಇದನ್ನೇ: ಬುಕ್ಕನ್ನು ಸ್ಕ್ಯಾನ್ ಮಾಡಿಸಿ ಫೋನಿನಲ್ಲಿಟ್ಟುಕೊಳ್ಳಿ, ಮೂಲ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮುಂದೆ ಏನಾದರೂ ಎಂಟ್ರಿ ಮಾಡಿಸಬೇಕಾದರೆ ಸೀಲು ಹೊಡೆಯಲು ಜಾಗ ಬೇಕು.

ತೊಡಕು ಸಿಕ್ಕಿದ್ದು ಹೆಂಡತಿಯ ಹೆಸರಿನಲ್ಲಿ. ಸೈನ್ಯದ ದಾಖಲೆಯಲ್ಲಿ ಹೆಸರಿನ ಕೊನೆಗೆ ‘ವ್ವ’ ಇದ್ದದ್ದು ಆಧಾರ್ ಕಾರ್ಡಿನಲ್ಲಿ ‘ಅಮ್ಮ’ ಆಗಿತ್ತು. ನಮ್ಮ ಕಡೆ ಇದು ಮನೆಮನೆಯ ಕಥೆ. ಮದುವೆಯಾದ ಹೊಸದರಲ್ಲಿ ಹುಡುಗ ಯೂನಿಟ್ಟಿನಲ್ಲಿ ಬಾಯಲ್ಲಿ ಹೇಳಿದ ಹೆಸರನ್ನು ಕ್ಲರ್ಕು ಕಿವಿಗೆ ಕೇಳಿಸಿದ ಹಾಗೆ ಬರೆದಿರುತ್ತಾನೆ. (ಆ ಕ್ಲರ್ಕುಗಳ ಪೈಕಿ ನಾನೂ ಒಬ್ಬನಾದ್ದರಿಂದ ಹೆಚ್ಚು ಮಾತಾಡುವುದಿಲ್ಲ.) ಕೆಲಸ ಸಿಗುವುದಕ್ಕೆ ಹೆಂಡತಿಯ ಹೆಸರು ಅಡ್ಡ ಬರುವುದಿಲ್ಲ, ಆದರೆ ನಾಳೆ ಫ್ಯಾಮಿಲಿ ಪೆನ್ಶನ್ನಿಗೆ, ಇಸಿಎಚ್‌ಎಸ್ ಕಾರ್ಡಿಗೆ ಬರುತ್ತದೆ. ಅಫಿಡವಿಟ್ ಮಾಡಿಸಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ಸ್ ಆಫೀಸಿಗೆ ಕಳಿಸಿದೆವು. ಹೇಗೂ ಆ ಕಚೇರಿಗೆ ಹೋಗಲೇಬೇಕಿತ್ತು, ಮಾಜಿ ಸೈನಿಕರ ಗುರುತಿನ ಚೀಟಿ ಕೊಡುವವರು ಅವರೇ, ಉದ್ಯೋಗಕ್ಕೆ ಹೆಸರು ನೋಂದಾಯಿಸಿಕೊಳ್ಳುವವರೂ ಅವರೇ. ಸಾಮಾನ್ಯ ಜನರಿಗೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಇದ್ದ ಹಾಗೆ ನಮಗೆ ಇದು.

ಎರಡನೇ ತೊಡಕು ಲೈಸೆನ್ಸು. ಹದಿನೇಳು ವರ್ಷ ಹೆವಿ ಗಾಡಿ ಓಡಿಸಿದವನ ಹತ್ತಿರ ಸಿವಿಲ್ ಲೈಸೆನ್ಸು ಇತ್ತು, ಆದರೆ ಅವಧಿ ಮುಗಿದಿತ್ತು! ಸೈನ್ಯದ ಲೈಸೆನ್ಸು ಸೈನ್ಯದ ಗಾಡಿಗೆ. ಹೊರಗಿನ ಯಾವ ಜಾಹೀರಾತಾದರೂ ಕೇಳುವುದು ಆರ್‌ಟಿಓ ಕೊಟ್ಟದ್ದನ್ನು. ಡಾಕ್ಟರ ಸರ್ಟಿಫಿಕೇಟು, ನಮೂನೆ, ಫೀ ಎಲ್ಲ ಕಟ್ಟಿ ನವೀಕರಿಸಿದ. ಇದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ.

ಯಾವ ಕೆಲಸಕ್ಕೆ ಹಾಕುವುದು ಅಂತ ಮನೆಯಲ್ಲಿ ಪಂಚಾಯ್ತಿ ನಡೆಯಿತು. ಡಿಎಸ್‌ಸಿ ಒಂದು ದಾರಿ. ಡಿಫೆನ್ಸ್ ಸೆಕ್ಯುರಿಟಿ ಕೋರ್, ಕೇರಳದ ಕಣ್ಣೂರಿನಲ್ಲಿ ಅದರ ಸೆಂಟರು. ಮತ್ತೆ ಸಮವಸ್ತ್ರ, ಮತ್ತೆ ಬಂದೂಕು, ಒಳ್ಳೆಯ ಪಗಾರ, ಎರಡನೇ ಪೆನ್ಶನ್ನಿನ ಆಸೆ. ಆದರೆ ಪೋಸ್ಟಿಂಗ್ ದೇಶದ ಯಾವ ಮೂಲೆಗೆ ಬೇಕಾದರೂ. "ಇಷ್ಟು ವರ್ಷ ಫೋನಿನ್ಯಾಗ ಸಂಸಾರ ಮಾಡೇನಿ, ಇನ್ನ ಸಾಕು" ಅಂತ ಅವನ ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು. ಬೆಂಗಳೂರಿನಲ್ಲಿ ಪಾಲಿಕೆಯವರು 2019ರಿಂದ ಕಸದ ನಿಗಾಕ್ಕೆ ಮಾಜಿ ಸೈನಿಕರನ್ನು ಮಾರ್ಷಲ್‌ಗಳಾಗಿ ತೆಗೆದುಕೊಂಡಿದ್ದರು, ಕೋವಿಡ್ ಕಾಲದಲ್ಲಿ ಮಾಸ್ಕ್ ಹಾಕದವರಿಗೆ ದಂಡ ಹಾಕಿದವರೂ ಅವರೇ. ಅವನ ಜೊತೆಯವನೊಬ್ಬ ಅಲ್ಲಿದ್ದ. ಆದರೆ ಬೆಂಗಳೂರಿನ ಬಾಡಿಗೆ ಕೊಟ್ಟು ಕೈಯಲ್ಲಿ ಉಳಿಯುವುದೇನು? ರೈಲ್ವೆಯ ಕೆಲವು ವಲಯಗಳು ಲೆವೆಲ್ ಕ್ರಾಸಿಂಗ್ ಗೇಟಿಗೆ ಮಾಜಿ ಸೈನಿಕರನ್ನು ಕಾಂಟ್ರ್ಯಾಕ್ಟ್ ಮೇಲೆ ಕರೆಯುತ್ತವೆ. ನಾವು ಹುಡುಕುವಾಗ ನಮ್ಮ ಹತ್ತಿರ ಅಂಥದ್ದು ಕಾಣಲಿಲ್ಲ.

ಕೊನೆಗೆ ಉಳಿದದ್ದು ನನಗೆ ಪರಿಚಯವಿದ್ದ ದಾರಿಯೇ. ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್‌ನಲ್ಲಿ, ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಔಷಧೋಪಚಾರ ಕೊಡುವ ಯೋಜನೆ. ಅದರ ಪಾಲಿಕ್ಲಿನಿಕ್‌ಗಳಲ್ಲಿ ಡಾಕ್ಟರಿಂದ ಹಿಡಿದು ಸಫಾಯಿವಾಲಾವರೆಗೆ ಬಹುತೇಕ ಎಲ್ಲರೂ ಕಾಂಟ್ರ್ಯಾಕ್ಟ್ ಮೇಲೆ. ಕ್ಲರ್ಕು, ಡ್ರೈವರು, ಚೌಕಿದಾರ ಮುಂತಾದ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಆದ್ಯತೆ. ಡ್ರೈವರ್ ಹುದ್ದೆಗೆ ಎಂಟನೇ ಕ್ಲಾಸು, ಸೈನ್ಯದ ಎಂಟಿ ಡ್ರೈವರ್ ಕ್ಲಾಸ್-ಒನ್, ಸಿವಿಲ್ ಲೈಸೆನ್ಸು, ಐದು ವರ್ಷದ ಅನುಭವ. ಆಗ ಪಗಾರ 19,700. ಹೆಸರಿಗೆ ಹನ್ನೆರಡು ತಿಂಗಳ ನೌಕರಿ, ಕೆಲಸ ಚೆನ್ನಾಗಿದ್ದರೆ ಮುಂದುವರಿಸುತ್ತಾರೆ.

ಜಾಹೀರಾತು ಬರುವುದು ಪೇಪರಿನ ಒಂದು ಮೂಲೆಯಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕೊನೆಯ ತಾರೀಖು ಬೇಗ ಬರುತ್ತದೆ. ಹಳ್ಳಿಗೆ ಅದು ಮುಟ್ಟುವುದು ವಾಟ್ಸ್ಯಾಪಿನಲ್ಲಿ, ಯಾರೋ ಯಾರಿಗೋ ಕಳಿಸಿದ ಮಸುಕು ಫೋಟೋ ಆಗಿ, ಅಷ್ಟರಲ್ಲಿ ತಾರೀಖು ಮುಗಿದಿರುತ್ತದೆ. ತಾತ್ಕಾಲಿಕ ಕೆಲಸಗಳ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಪಗಾರ ಕಡಿಮೆ ಅನ್ನುವುದನ್ನಾದರೂ ಒಪ್ಪಿಕೊಂಡೇನು, ಕೆಲಸ ಇದೆ ಅನ್ನುವುದೇ ಗೊತ್ತಾಗದಿದ್ದರೆ ಏನು ಮಾಡುವುದು? ತಾಲೂಕಿಗೊಂದು ಬೋರ್ಡು, ಅದರ ಮೇಲೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದರೆ ಸಾಕಿತ್ತು. ಈಗ ಆ ಕೆಲಸವನ್ನು ನಮ್ಮ ತಾಲೂಕಿನ ಮಾಜಿ ಸೈನಿಕರ ಸಂಘದ ಕೋಣೆಯಲ್ಲಿ ನಾವೇ ಮಾಡುತ್ತೇವೆ, ರವಿವಾರಕ್ಕೊಮ್ಮೆ.

ಅರ್ಜಿಯ ಜೊತೆ ಅವನ ಕೈಯಿಂದಲೇ ಒಂದು ಪುಟದ ಪರಿಚಯ ಬರೆಸಿದೆ. ಮೊದಲ ಪ್ರತಿಯಲ್ಲಿ ಅವನು ಬರೆದದ್ದು ಒಂದೇ ಸಾಲು: 17 ವರ್ಷ ಡ್ರೈವರ್. ಅಷ್ಟೇ. ನಮ್ಮ ಜವಾನರಿಗೆ ತಾವು ಮಾಡಿದ್ದನ್ನು ಹೇಳಿಕೊಳ್ಳಲು ಬರುವುದಿಲ್ಲ. ಊರ ಕಟ್ಟೆಯ ಮೇಲೆ ಕೂತಾಗ ಕಾರ್ಗಿಲ್ ಕಥೆ ರಾತ್ರಿಯಿಡೀ ಹೇಳುತ್ತಾರೆ, ಕಾಗದದ ಮೇಲೆ ಒಂದು ಸಾಲು. ನಾನು ಕೇಳುತ್ತ ಹೋದೆ. ಯಾವ್ಯಾವ ಗಾಡಿ? ಆಂಬ್ಯುಲೆನ್ಸ್ ಓಡಿಸಿದ್ದೀಯಾ? ಹೌದು, ಫೀಲ್ಡ್ ಆಸ್ಪತ್ರೆಗೆ ಅಟ್ಯಾಚ್ ಇದ್ದಾಗ. ಆಕ್ಸಿಡೆಂಟ್ ಆಗಿದೆಯಾ? ಇಲ್ಲ. ಗಾಡಿಯ ಲಾಗ್‌ಬುಕ್ಕು ಬರೆದಿದ್ದೀಯಾ? ದಿನಾ. ಫಸ್ಟ್ ಏಡ್ ಕೋರ್ಸು? ಮಾಡಿದೀನ್ರಿ, ಸರ್ಟಿಫಿಕೇಟ್ ಎಲ್ಲೋ ಐತಿ. ಆ ‘ಎಲ್ಲೋ’ ಟ್ರಂಕಿನ ತಳದಲ್ಲಿ, ಹಳೆಯ ಸ್ವೆಟರಿನ ಕೆಳಗೆ ಸಿಕ್ಕಿತು.

ಇಂಟರ್‌ವ್ಯೂಗೆ ನಾನೂ ಜೊತೆಗೆ ಹೋಗಿದ್ದೆ. ಮಿಲಿಟರಿ ಸ್ಟೇಷನ್ನಿನ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋಗುವಾಗ ಅವನ ನಡಿಗೆಯೇ ಬದಲಾಯಿತು, ಬೆನ್ನು ನೆಟ್ಟಗಾಯಿತು. ಶೆಡ್ಡಿನ ಕೆಳಗೆ ಕುರ್ಚಿ ಸಾಲು. ಒಂದು ಹುದ್ದೆಗೆ ಹತ್ತಾರು ಜನ, ಕ್ಲರ್ಕ್ ಹುದ್ದೆಯವರ ಸಾಲು ಇನ್ನೂ ಉದ್ದ. ಆ ಕುರ್ಚಿಗಳ ನಡುವೆ ಒಬ್ಬ ಸುಬೇದಾರ್ ಸಾಬ್ ಕೂತಿದ್ದರು, ನಲವತ್ತೆಂಟು ಐವತ್ತರ ವಯಸ್ಸು, ಮೀಸೆ ಪಾಲಿಶ್ ಮಾಡಿದ ಹಾಗೆ. ಬಂದದ್ದು ಚೌಕಿದಾರ್ ಹುದ್ದೆಗೆ. ಅವರದೇ ಪಲ್ಟನ್ನಿನ ಹವಾಲ್ದಾರನೊಬ್ಬ ಅದೇ ಹುದ್ದೆಗೆ ಬಂದವನು ಅವರನ್ನು ಕಂಡು ಎದ್ದು ಅಟೆನ್ಶನ್ ಆಗಿ "ಜೈ ಹಿಂದ್ ಸಾಬ್" ಅಂದ, ತನ್ನ ಕುರ್ಚಿ ಬಿಟ್ಟುಕೊಟ್ಟ. ಸಾಬ್ ಅವನ ಭುಜ ಒತ್ತಿ ಕೂರಿಸಿದರು. "ಬೈಠ್ ಯಾರ್. ಇವತ್ತು ನೀನು ನನ್ನ ಕಾಂಪಿಟೀಶನ್ನು." ಎಲ್ಲರೂ ನಕ್ಕರು. ಆಮೇಲೆ ನನಗೆ ಹೇಳಿದರು, ಮಗಳ ಇಂಜಿನಿಯರಿಂಗು ಕೊನೆಯ ವರ್ಷ, ಅದೊಂದು ಮುಗಿಯುವವರೆಗೆ ಅಂತ.

ರ್‍ಯಾಂಕಿನ ವಿಷಯ ಸಣ್ಣದಲ್ಲ. ನಾನು ಕಾಂಟ್ರ್ಯಾಕ್ಟ್ ಕ್ಲರ್ಕ್ ಆಗಿದ್ದಾಗ ನನ್ನ ಜೊತೆಗಿದ್ದ ಸುಬೇದಾರರೊಬ್ಬರು, ಇಪ್ಪತ್ತೈದರ ಸಿವಿಲ್ ಹುಡುಗಿಯೊಬ್ಬಳು "ಅಂಕಲ್, ಈ ಫೈಲ್ ಕೊಡಿ" ಅಂದದ್ದಕ್ಕೆ ಅರ್ಧ ದಿನ ಮಾತಾಡಿರಲಿಲ್ಲ. ಆಕೆ ತಪ್ಪೇನೂ ಹೇಳಿರಲಿಲ್ಲ. ನೂರು ಜನರನ್ನು ಒಂದೇ ಕೂಗಿಗೆ ನಿಲ್ಲಿಸಿದವರಿಗೆ ‘ಅಂಕಲ್’ ಅನ್ನುವುದು ಅಭ್ಯಾಸವಾಗಲು ಸಮಯ ಬೇಕು. ಹನ್ನೆರಡು ತಿಂಗಳ ಕೆಲಸ ಆ ಸಮಯ ಕೊಡುತ್ತದೆ, ಅದೂ ಸುತ್ತಲೂ ಫೌಜಿಗಳೇ ಇರುವ ಜಾಗದಲ್ಲಿ. ನೇರವಾಗಿ ಬ್ಯಾಂಕಿಗೋ ತಹಶೀಲ್ದಾರ್ ಕಚೇರಿಗೋ ಹೋಗಿ ಮೊದಲ ವಾರವೇ ಜಗಳ ಮಾಡಿಕೊಂಡವರನ್ನು ನೋಡಿದ್ದೇನೆ.

ಬೋರ್ಡಿನವರು ಅಳಿಯನಿಗೆ ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ಗಾಡಿಯ ಫಸ್ಟ್ ಪರೇಡ್‌ನಲ್ಲಿ ಏನೇನು ನೋಡುತ್ತೀ? ಗಾಡಿ ಹೊರಡುವ ಮೊದಲು ಫಸ್ಟ್ ಪರೇಡು, ದಾರಿಯಲ್ಲಿ ನಿಲ್ಲಿಸಿದಾಗ ಹಾಲ್ಟ್ ಪರೇಡು, ವಾಪಸು ಬಂದ ಮೇಲೆ ಲಾಸ್ಟ್ ಪರೇಡು. ಎಣ್ಣೆ, ನೀರು, ಬ್ರೇಕ್ ಆಯಿಲ್, ಟೈರಿನ ಗಾಳಿ, ಫ್ಯಾನ್ ಬೆಲ್ಟು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಎರಡನೆಯದು ಅವನಿಗೆ ಹೊಸದು: ಗಾಡಿಯಲ್ಲಿ ಎದೆನೋವಿನ ಮುದುಕರು, ದಾರಿಯಲ್ಲಿ ಪಂಕ್ಚರ್, ಏನು ಮಾಡುತ್ತೀ? ಸ್ಟೆಪ್ನಿ ಬದಲಿಸುತ್ತೇನೆ ಅನ್ನುವುದು ಬಾಯಿಗೆ ಬಂದಿತ್ತಂತೆ. ತಡೆದು, "ಮೊದಲು 108ಕ್ಕೆ ಫೋನ್ ಮಾಡ್ತೀನಿ ಸಾಬ್, ಆಮೇಲೆ ಪಾಲಿಕ್ಲಿನಿಕ್ಕಿಗೆ, ಆಮೇಲೆ ಟೈರು" ಅಂದನಂತೆ. ಕೊನೆಗೆ ಪ್ರಾಕ್ಟಿಕಲ್: ಆಂಬ್ಯುಲೆನ್ಸನ್ನು ಎರಡು ಡ್ರಮ್ಮುಗಳ ನಡುವೆ ರಿವರ್ಸ್ ಹಾಕಬೇಕು. ಹೆವಿ ಗಾಡಿಯ ಕೈಗೆ ಸಣ್ಣ ಗಾಡಿಯ ಸ್ಟೀರಿಂಗು ಮೊದಲು ಹೆಚ್ಚೇ ತಿರುಗಿತು. ಹೊರಗಿನಿಂದ ನೋಡುತ್ತಿದ್ದ ನನಗೆ ಬೆವರು. ಅವನು ನಿಲ್ಲಿಸಿ, ಮುಂದಕ್ಕೆ ತಂದು, ಮತ್ತೆ ಹಾಕಿದ. ಡ್ರಮ್ಮು ಅಲುಗಲಿಲ್ಲ.

ಹೆಸರು ಬಂತು. ಪೊಲೀಸ್ ವೆರಿಫಿಕೇಶನ್, ಫಿಟ್ನೆಸ್ ಸರ್ಟಿಫಿಕೇಟು, ಕರಾರು ಪತ್ರ. ಸಹಿ ಮಾಡುವ ಮೊದಲು ಆ ಪತ್ರವನ್ನು ಸಾಲು ಸಾಲಾಗಿ ಓದಿಸಿದೆ. ಖಾಯಂ ಮಾಡಿ ಅಂತ ಹಕ್ಕು ಕೇಳುವಂತಿಲ್ಲ. ಬೇಡವಾದರೆ ಎರಡೂ ಕಡೆಯವರು ನೋಟಿಸು ಕೊಟ್ಟು ಮುಗಿಸಬಹುದು. ಈ ನೋಟಿಸಿನ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದೆ. "ಇದು ನಿನ್ನ ಸಲುವಾಗಿ ಐತಿ. ಅವರಷ್ಟೇ ಅಲ್ಲ, ನೀನೂ ಬಿಡಬಹುದು."

ಕೆಲಸದ ಬಗ್ಗೆ ಹೇಳುವುದು ಸ್ವಲ್ಪವೇ. ಬೆಳಿಗ್ಗೆ ಪಾಲಿಕ್ಲಿನಿಕ್ ಮುಂದೆ ಮುದುಕರ ಸಾಲು, ಕೈಯಲ್ಲಿ ಸ್ಮಾರ್ಟ್ ಕಾರ್ಡು. ರೆಫರಲ್ ಬರೆದ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವುದು, ಔಷಧದ ಡಬ್ಬ ತರುವುದು. 1971ರ ಯುದ್ಧದಲ್ಲಿದ್ದ ಅಜ್ಜಂದಿರು ಗಾಡಿ ಹತ್ತುವಾಗ ಇವನ ರೆಜಿಮೆಂಟು ಕೇಳದೆ ಸೀಟಿಗೆ ಕೂರುವುದಿಲ್ಲವಂತೆ. ಶುರುವಿನಲ್ಲಿ ಸಂಜೆ ಬಂದು, "ಮಾಮಾ, ಇಲ್ಲಿ ಎಲ್ಲಾರೂ ನಮ್ಮವರ ಅದಾರ" ಅಂದ. ಅದೇ ನನಗೆ ಹೆದರಿಕೆ ಹುಟ್ಟಿಸಿದ ಮಾತು. ಯಾಕೆಂದರೆ ಈ ತಾತ್ಕಾಲಿಕ ಕೆಲಸದ ದೊಡ್ಡ ಅಪಾಯ ಅದು ಹಿತವಾಗಿರುವುದು. ಪೆನ್ಶನ್ನಿನ ಜೊತೆ ಹತ್ತೊಂಬತ್ತು ಸಾವಿರ ಸೇರಿದರೆ ಮನೆ ನಡೆಯುತ್ತದೆ. ವರ್ಷ ವರ್ಷ ಕರಾರು ಮುಂದುವರಿಯುತ್ತದೆ. ಪುಸ್ತಕ ಮುಚ್ಚಿಹೋಗುತ್ತದೆ. ಐದಾರು ವರ್ಷದ ಮೇಲೆ ಒಂದು ದಿನ ಹೊಸ ಜಾಹೀರಾತು ಬರುತ್ತದೆ, ಹೊಸಬ ಆಯ್ಕೆಯಾಗುತ್ತಾನೆ, ಆಗ ಹಳಬನ ವಯಸ್ಸು ಎಲ್ಲ ಪರೀಕ್ಷೆಗಳನ್ನೂ ದಾಟಿರುತ್ತದೆ. ಕೇಂದ್ರದ ಲೆಕ್ಕದಲ್ಲಿ ನಮಗೆ ವಯಸ್ಸಿನ ರಿಯಾಯಿತಿ ಚೆನ್ನಾಗಿಯೇ ಇದೆ: ಈಗಿನ ವಯಸ್ಸಿನಿಂದ ಸೈನ್ಯದ ಸೇವೆಯನ್ನು ಕಳೆಯಿರಿ, ಉಳಿದದ್ದು ಹುದ್ದೆಯ ಗರಿಷ್ಠ ವಯಸ್ಸಿಗಿಂತ ಮೂರು ವರ್ಷಕ್ಕಿಂತ ಹೆಚ್ಚಿರಬಾರದು. ಅಳಿಯನದು ಕಳೆದರೆ ಇಪ್ಪತ್ತೆರಡು ಇಪ್ಪತ್ಮೂರು. ಆದರೆ ಸೇವೆ ನಿಂತುಹೋಗಿದೆ, ವಯಸ್ಸು ನಿಲ್ಲುವುದಿಲ್ಲ. ಕಾಂಟ್ರ್ಯಾಕ್ಟಿನಲ್ಲಿ ಕಳೆದ ವರ್ಷ ಈ ಕಳೆಯುವ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಕೆಲಸಕ್ಕೆ ಸೇರಿದ ವಾರವೇ ಒಂದು ನೂರು ಪುಟದ ನೋಟ್‌ಬುಕ್ ಕೊಡಿಸಿದೆ. ಹಾಕಿದ ಪ್ರತಿ ಅರ್ಜಿಯ ತಾರೀಖು, ಇಲಾಖೆ, ಹುದ್ದೆ, ಅಧಿಸೂಚನೆಯ ನಂಬರು, ರಿಜಿಸ್ಟ್ರೇಶನ್ ನಂಬರು. ಖಾಯಂ ಕೆಲಸಕ್ಕೆ ಸೇರುವ ದಿನ ಕೊಡಬೇಕಾದ ಆ ತಾರೀಖುವಾರು ಪಟ್ಟಿಗೆ ಇದೇ ಮೂಲ. ಆಗ ನೆನಪು ಮಾಡಿಕೊಂಡು ಬರೆಯಲು ಹೋದರೆ ಒಂದೆರಡು ಬಿಟ್ಟೇ ಹೋಗುತ್ತವೆ, ಬಿಟ್ಟುಹೋದದ್ದಕ್ಕೇ ಕರೆ ಬರುವುದು ನಮ್ಮ ಹಣೆಬರಹ.

ಓದಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಮಾಜಿ ಸೈನಿಕರಿಗೆ ಶೇ. 10 ಮೀಸಲಾತಿ ಇದೆ. 2024ರಲ್ಲಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಗ್ರಾಮ ಆಡಳಿತ ಅಧಿಕಾರಿಗಳ 1,000 ಹುದ್ದೆಗೆ ಪರೀಕ್ಷೆ ನಡೆಸಿದಾಗ ನಮ್ಮ ಸಂಘದ ಕೆಲವು ಹುಡುಗರು ಕೂತಿದ್ದರು. ಅಲ್ಲಿ ಕಡ್ಡಾಯ ಕನ್ನಡ ಪರೀಕ್ಷೆಯೂ ಇರುತ್ತದೆ. ಬೈಲಹೊಂಗಲದಲ್ಲಿ ಹುಟ್ಟಿದ ಹುಡುಗರಿಗೆ ಕನ್ನಡ ಏನು ಕಷ್ಟ ಅಂತ ಕೇಳಬಹುದು. ಹದಿನೇಳು ವರ್ಷ ಹಿಂದಿಯಲ್ಲಿ ಮಾತಾಡಿ, ಮನೆಗೆ ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜು ಹಾಕಿದ ಕೈಗೆ ಒತ್ತಕ್ಷರ ಮರೆತುಹೋಗಿರುತ್ತದೆ. ಅಳಿಯ ಮೊದಲ ದಿನ ಬರೆದ ಅರ್ಧ ಪುಟದಲ್ಲಿ ಒತ್ತುಗಳೆಲ್ಲ ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂತಿದ್ದವು. ಅವನ ಐದನೇ ಕ್ಲಾಸಿನ ಮಗಳು ಕೆಂಪು ಪೆನ್ನಿನಿಂದ ತಿದ್ದಿದಳು, ಭಾರಿ ಖುಷಿಯಿಂದ.

ಅಷ್ಟರಲ್ಲಿ 2025ರ ಶುರುವಿನಲ್ಲಿ ರೈಲ್ವೆಯ ಲೆವೆಲ್-1, ಅಂದರೆ ಎಲ್ಲಕ್ಕಿಂತ ಕೆಳಹಂತದ, ಹುದ್ದೆಗಳಿಗೆ ಅರ್ಜಿ ಕರೆದರು, ದೇಶದಾದ್ಯಂತ 32,438. ಹತ್ತನೇ ಕ್ಲಾಸು ಸಾಕು, ಮಾಜಿ ಸೈನಿಕರಿಗೆ ಶೇ. 20, ಪ್ರಶ್ನೆ ಪತ್ರಿಕೆ ಕನ್ನಡದಲ್ಲೂ ಇರುತ್ತದೆ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ನಮ್ಮ ಪಕ್ಕದ ಹುಬ್ಬಳ್ಳಿ. ಭಾಷೆ ಆರಿಸುವ ಕಾಲಮ್ಮಿನಲ್ಲಿ ಹಿಂದಿ ಹಾಕಲು ಹೊರಟಿದ್ದ, ತಡೆದೆ. ಗಣಿತವನ್ನು ಅವನು ಕಲಿತದ್ದು ಕನ್ನಡದಲ್ಲಿ. ಲ.ಸಾ.ಅ., ಮ.ಸಾ.ಅ., ಸರಳ ಬಡ್ಡಿ ಅಂದ ಕೂಡಲೇ ಏಳನೇ ಕ್ಲಾಸಿನ ಮಾಸ್ತರು ಕಣ್ಣ ಮುಂದೆ ಬಂದರಂತೆ, ಕೈಯಲ್ಲಿ ಬೆತ್ತದ ಸಮೇತ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ರೋಗಿಗಾಗಿ ಕಾಯುವ ಹೊತ್ತಿನಲ್ಲಿ ಲೆಕ್ಕ ಮಾಡುತ್ತಿದ್ದ. ದಿನಕ್ಕೆ ಎರಡು ಮೂರು ತಾಸು ಹಾಗೆ ಸಿಗುತ್ತಿತ್ತು. ಗೇಟಿನ ಹನ್ನೆರಡು ತಾಸಿನ ಡ್ಯೂಟಿಯಲ್ಲಿ ಇದು ಸಾಧ್ಯವಿತ್ತೇ? ಇಷ್ಟು ತಲೆಕೆಡಿಸಿಕೊಂಡು ಪಾಲಿಕ್ಲಿನಿಕ್ ಡ್ರೈವರ್ ಕೆಲಸವನ್ನೇ ಯಾಕೆ ಹಿಡಿಸಿದಿರಿ ಅಂತ ಕೇಳಿದವರಿಗೆ ನಾನು ಆ ಪಾರ್ಕಿಂಗಿನ ಮಾತು ಹೇಳುತ್ತೇನೆ.

ಇದರ ನಡುವೆ ಸಂಘದ ಕೋಣೆಗೆ ಬೇರೆ ಥರದವರು ಬರತೊಡಗಿದ್ದಾರೆ, ಅಗ್ನಿವೀರರ ಅಪ್ಪಂದಿರು. 2022ರ ಜೂನ್‌ನಲ್ಲಿ ಪ್ರಕಟವಾದ ಯೋಜನೆ, ನಾಲ್ಕು ವರ್ಷದ ನೌಕರಿ, ಆಮೇಲೆ ಶೇ. 25ರವರೆಗೆ ಮಾತ್ರ ಖಾಯಂ. ಉಳಿದವರಿಗೆ ಸೇವಾ ನಿಧಿಯ ಸುಮಾರು 11.71 ಲಕ್ಷ. ಪೆನ್ಶನ್ ಇಲ್ಲ. ಯೋಜನೆಯ ಷರತ್ತಿನ ಪ್ರಕಾರ ಮಾಜಿ ಸೈನಿಕರ ದರ್ಜೆಯೂ ಇಲ್ಲ. ಅಂದರೆ ನಾನು ಮೇಲೆ ಹೇಳಿದ ಲೆಕ್ಕದಲ್ಲಿ ಬಹುಪಾಲು ಅವರಿಗೆ ಹೊಂದುವುದಿಲ್ಲ. ಅರೆಸೇನಾ ಪಡೆಗಳಲ್ಲಿ ಅವರಿಗೆ ಬೇರೆಯೇ ಮೀಸಲಾತಿ ಘೋಷಿಸಿದ್ದಾರೆ, ಅದರ ಕಾಗದಗಳನ್ನು ಹೊಸದಾಗಿ ಓದಿಕೊಳ್ಳುತ್ತಿದ್ದೇನೆ. ಒಬ್ಬ ಅಪ್ಪ ಕೇಳಿದರು, "ಇಪ್ಪತ್ನಾಕು ವರ್ಷದ ಹುಡುಗ್ರೀ, ಅವ್ನ ಏನಂತ ಕರೀಬೇಕ್ರಿ, ಮಾಜಿನೋ ಹಾಲಿನೋ?" ಚಹಾ ತರಿಸಿದೆ, ಬೇರೆ ಉತ್ತರ ಇರಲಿಲ್ಲ.

ಅಳಿಯ ರೈಲ್ವೆ ಪರೀಕ್ಷೆ ಬರೆದ. ಗಣಿತ ಚೆನ್ನಾಗಾಯಿತಂತೆ, ಸಾಮಾನ್ಯ ಜ್ಞಾನ ಅಷ್ಟಕ್ಕಷ್ಟೆ. ನೋಟ್‌ಬುಕ್ಕಿನಲ್ಲಿ ಬ್ಯಾಂಕಿನ ಗಾರ್ಡ್ ಹುದ್ದೆಗಳ ಅರ್ಜಿಗಳೂ ಸೇರಿವೆ. ಅಷ್ಟರಲ್ಲಿ ಮೊದಲ ಹನ್ನೆರಡು ತಿಂಗಳು ಮುಗಿದು ಕರಾರು ಮುಂದುವರಿಸುವ ಕಾಗದ ಬಂತು. "ಸಹಿ ಮಾಡ್ಲಿ ಏನ್ರಿ, ಇಲ್ಲಾ ರೈಲ್ವೆದು ಕಾಯ್ಲಿ?" ಅಂತ ಫೋನ್ ಮಾಡಿದ. ಪೆನ್ಸಿಲ್ಲಿನ ಗೆರೆ ನೋಡು ಅಂದೆ. ಸಹಿ ಮಾಡಿದ.

ಮೊನ್ನೆ ಸವದತ್ತಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಆರ್ಟಿಲರಿ ಡ್ರೈವರ್, ಪೆನ್ಶನ್ ಮೇಲೆ ಬಂದು ಸ್ವಲ್ಪ ದಿನ ಆಗಿದೆ. ನಮಸ್ಕಾರ, ಕುಶಲ ಎಲ್ಲ ಆದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ: "ಸರ್, ನಿಮ್ಮ ಅಳಿಯಂದು ರೈಲ್ವೆದಾಗ ಆಗತೈತಂತ ಕೇಳೇನ್ರಿ. ಅವ್ರು ಯಾವಾಗ ಬಿಡ್ತಾರ್ರಿ? ಆ ಡ್ರೈವರ್ ಜಾಗಾಕ್ಕ ಜಾಹೀರಾತು ಬರಬಹುದಲ್ರೀ?" ರಿಸಲ್ಟೇ ಬಂದಿಲ್ಲ, ಆಗಲೇ ಜಾಗದ ಲೆಕ್ಕ ಹಾಕಿದ್ದಾನೆ. ಹುಷಾರು ಹುಡುಗ ಅನ್ನಿಸಿತು. ಬರ್ತೈತಿ, ಬಂದ್ರ ತಿಳಸ್ತೀನಿ ಅಂದೆ. ಆಮೇಲೆ ಕೇಳಿದೆ, "ಸಿವಿಲ್ ಲೈಸೆನ್ಸ್ ಐತೇನು?"

"ಮಿಲ್ಟ್ರಿದು ಐತ್ರಿ."

ನಾಳೆ ಮುಂಜಾನೆ ಮೊದಲು ಆರ್‌ಟಿಓ ಆಫೀಸಿಗೆ ಹೋಗು ಅಂದೆ.